ಗಾಳದ ಎರೆ ತೆಗೆಯುವಾಗ ನೆನಪಿಡಿ



ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಗಾಳಕ್ಕೆ ಕೆಲಸ ಬಂತು. ಹಳ್ಳಕ್ಕೆ ಹೋಗುವವರು ಗಂಡಸರು, ಮಕ್ಕಳು. ಎರೆ ಅಗೆದು ಕೊಡುವವರು ಹೆಚ್ಚಾಗಿ ನಾವು ಹೆಂಗಸರೇ. "ಎರೆ ಅಗೆಯೋದನ್ನೂ ಸಿಸ್ಟರ್ ಹೇಳಿಕೊಡ್ಬೇಕಾ?" ಎಂದು ನೀವು ನಗಬಹುದು. ಕಾರಣ ಇದೆ.

ಒಂದು ಮಳೆಗಾಲದಲ್ಲಿ ನಮ್ಮ ಸಂಘದ ಸದಸ್ಯೆಯೊಬ್ಬರು ಬಚ್ಚಲು ಚರಂಡಿಯ ಬದಿಯಲ್ಲಿ ಬರಿಗಾಲಲ್ಲಿ ನಿಂತು ಎರೆ ಅಗೆದರು. ಹಿಮ್ಮಡಿ ಒಡೆದಿತ್ತು. ಹತ್ತು ದಿನದ ಮೇಲೆ ಜ್ವರ, ತಲೆನೋವು, ಮೀನಖಂಡದಲ್ಲಿ ಸೆಳೆತ. "ಮಳೆಯಲ್ಲಿ ನೆನೆದದ್ದಕ್ಕೆ" ಅಂತ ಕಷಾಯ ಕುಡಿದು ನಾಲ್ಕು ದಿನ ಕಳೆದರು. ಕಣ್ಣು ಹಳದಿಯಾದ ಮೇಲೆ ಆಸ್ಪತ್ರೆಗೆ ಹೋದರು. ಅದು ಇಲಿಜ್ವರ. ದೇವರ ದಯೆಯಿಂದ ಉಳಿದರು. ಆದರೆ ಹಸು ತರಲು ಸಂಘದಿಂದ ಪಡೆದ ಸಾಲ ಆಸ್ಪತ್ರೆಗೇ ಹೋಯಿತು.

ಇಲಿಯ ಮೂತ್ರ ಬೆರೆತ ನೀರು, ಕೆಸರಿನಲ್ಲಿ ಈ ರೋಗಾಣು ಇರುತ್ತದೆ. ಗಾಯ, ಬಿರುಕುಗಳ ಮೂಲಕ ಮೈಯೊಳಗೆ ಸೇರುತ್ತದೆ. ಬಯಲು ಶೌಚದಿಂದ ಕೆಟ್ಟ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳೂ ಇರುತ್ತವೆ. ಅವು ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು, ಕರುಳಿನಲ್ಲಿ ರಕ್ತ ಹೀರುತ್ತವೆ. ನಮ್ಮ ಹೆಣ್ಣುಮಕ್ಕಳ ರಕ್ತಹೀನತೆಗೆ ಇದೂ ಒಂದು ಕಾರಣ.

ಆದ್ದರಿಂದ ಹೀಗೆ ಮಾಡಿ:

1. ಚರಂಡಿ ಬದಿ ಬಿಡಿ. ಬಾಳೆ ಬುಡ, ತರಗೆಲೆ ರಾಶಿಯ ಅಡಿ, ಹಳೆ ಗೊಬ್ಬರದ ಗುಂಡಿಯ ಅಂಚಿನಲ್ಲಿ ಹುಡುಕಿ. ಗುಳಿಗೆ ಔಷಧಿ, ಕಳೆನಾಶಕ ಹಾಕಿದ ಜಾಗ ಬೇಡ.

2. ಕಾಲಿಗೆ ಬೂಟು, ಕೈಗೆ ಗ್ಲೌಸ್ ಹಾಕಿ. ಗಾಯವಿದ್ದವರು ಅಗೆಯಬೇಡಿ. ಮುಗಿದ ಮೇಲೆ ಕೈಕಾಲು ಸೋಪು ಹಚ್ಚಿ ತೊಳೆಯಿರಿ.

3. ಹುಳು ಮೇಲೆ ಬರಲೆಂದು ಉಪ್ಪುನೀರು, ಸೋಪಿನ ನೀರು ಸುರಿಯಬೇಡಿ. ಎರೆಹುಳು ಉಸಿರಾಡುವುದು ಒದ್ದೆ ಚರ್ಮದಿಂದ. ಇವು ಬಿದ್ದರೆ ಸಾಯುತ್ತದೆ, ಮಣ್ಣೂ ಕೆಡುತ್ತದೆ.

4. ಆ ದಿನಕ್ಕೆ ಬೇಕಾದಷ್ಟೇ ತೆಗೆಯಿರಿ. ಚಿಕ್ಕವನ್ನು ಬಿಟ್ಟು ಮಣ್ಣು ಮುಚ್ಚಿ. ತುಂಡಾದ ಹುಳು ಎರಡಾಗಿ ಬದುಕುತ್ತದೆ ಎನ್ನುವುದು ತಪ್ಪು.

5. ಗೆರಟೆಯಲ್ಲಿ ಒದ್ದೆ ಮಣ್ಣು, ಎಲೆ ಹಾಕಿ ಹುಳುಗಳನ್ನು ನೆರಳಲ್ಲಿಡಿ. ನೀರು ನಿಲ್ಲಬಾರದು.

ಎರೆಹುಳು ಮೀನಿಗೆ ಮಾತ್ರವಲ್ಲ, ತೋಟಕ್ಕೂ ಬೇಕು. ಮಣ್ಣನ್ನು ಸಡಿಲಗೊಳಿಸಿ ಗೊಬ್ಬರ ಮಾಡುವ ಇದರ ಕೆಲಸದ ಬಗ್ಗೆ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಒಂದು ಪುಸ್ತಕವನ್ನೇ ಬರೆದರು. ತೋಟವನ್ನು ಬರಿದು ಮಾಡುವ ಬದಲು ಮನೆಯ ಹಿಂದೆ ನೆರಳಿನಲ್ಲಿ ಒಂದು ತೊಟ್ಟಿ ಮಾಡಿಕೊಳ್ಳಿ. ನೀರು ಬಸಿಯಲು ತಳದಲ್ಲಿ ತೂತು ಇರಲಿ. ತರಗೆಲೆ, ಹದಿನೈದು ದಿನ ಹಳೆಯ ಸಗಣಿ ತುಂಬಿ. ಹಸಿ ಸಗಣಿ ಕಾವೇರಿ ಹುಳು ಸಾಯುತ್ತದೆ. ಗೊಬ್ಬರಕ್ಕೆಂದು ಸಾಕುವ ಎರೆಹುಳು ತಂದು ಬಿಡಿ. ಒದ್ದೆ ಗೋಣಿ ಮುಚ್ಚಿ, ಇರುವೆ ಬಾರದಂತೆ ಸುತ್ತ ನೀರಿನ ಕಾಲುವೆ ಮಾಡಿ. ಎರಡು–ಮೂರು ತಿಂಗಳಲ್ಲಿ ಗೊಬ್ಬರ ಸಿಗುತ್ತದೆ, ಗಾಳಕ್ಕೆ ಎರೆಯೂ ಸಿಗುತ್ತದೆ. ಚರಂಡಿ ಕೆದಕುವ ಕೆಲಸ ತಪ್ಪುತ್ತದೆ. ಮಿಕ್ಕ ಹುಳುಗಳನ್ನು ಹಳ್ಳದ ದಂಡೆಗೆ ಎಸೆಯದೆ ತೊಟ್ಟಿಗೇ ತಂದು ಬಿಡಿ.

ಕೆಸರಿನಲ್ಲಿ ಕೆಲಸ ಮಾಡಿದ ಮೂರ್ನಾಲ್ಕು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಕಾಯಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, "ಕೆಸರಲ್ಲಿ ಮಣ್ಣು ಅಗೆದಿದ್ದೆ" ಎಂದು ವೈದ್ಯರಿಗೆ ತಪ್ಪದೆ ಹೇಳಿ. ಬೇಗ ಗೊತ್ತಾದರೆ ಇಲಿಜ್ವರ ಮಾತ್ರೆಯಿಂದಲೇ ವಾಸಿಯಾಗುತ್ತದೆ.

ಈ ವಾರದ ಸಭೆಯಲ್ಲಿ ಇದನ್ನು ಓದಿ ಹೇಳಿ. ಓದಲು ಬಾರದ ಅಕ್ಕಂದಿರಿಗೂ ಈ ವಿಷಯ ತಲುಪಲಿ.