ಕಡಲ ಪಾಚಿ ಪುಡಿ ತಿಂದ್ರೆ ಮೈಯೊಳಗಿನ ಸೀಸ ಹೋಗುತ್ತಾ? ಇಲ್ಲಿದೆ ಅಸಲಿ ವಿಷಯ

ಕಡಲ ಪಾಚಿಯ ಪುಡಿ, ಕ್ಯಾಪ್ಸೂಲ್ ತಗೊಂಡ್ರೆ ಮೈಯಲ್ಲಿರೋ ಸೀಸ, ಪಾದರಸ ಎಲ್ಲ ತೊಳೆದು ಹೋಗುತ್ತೆ ಅನ್ನೋ ‘ಡಿಟಾಕ್ಸ್’ ಜಾಹೀರಾತುಗಳು ಮೊಬೈಲ್‌ನಲ್ಲಿ ಬರುತ್ತಲೇ ಇರುತ್ತವೆ. ಇದರಲ್ಲಿ ಅರ್ಧ ನಿಜ ಇದೆ. ಯಾವ ಅರ್ಧ ಅಂತ ಗೊತ್ತಿಲ್ಲದಿದ್ರೆ ದುಡ್ಡೂ ಹೋಗುತ್ತೆ, ಚಿಕಿತ್ಸೆಯೂ ತಡ ಆಗುತ್ತೆ.

ಏನಿದು ಆಲ್ಜಿನೇಟ್?

ಕಂದು ಬಣ್ಣದ ಕಡಲ ಪಾಚಿಯಿಂದ ತೆಗೆಯುವ ಅಂಟಿನಂಥ ಪದಾರ್ಥವೇ ಆಲ್ಜಿನೇಟ್. ನಮಗೆ ಹೊಸದೇನಲ್ಲ. ಹಲ್ಲಿನ ಡಾಕ್ಟರು ಅಚ್ಚು ತೆಗೆಯಲು ಕಲಸೋ ಪುಡಿಯಲ್ಲಿ ಇದೇ ಇರೋದು. ತಿನಿಸಿನ ಪ್ಯಾಕೆಟ್ ಮೇಲೆ ‘ಐಎನ್‌ಎಸ್ 401’ ಅಂತ ಇದ್ರೆ ಅದು ಸೋಡಿಯಂ ಆಲ್ಜಿನೇಟ್.

ಇದು ಕೆಲಸ ಮಾಡೋದು ಅಂಗಡಿಯ ಮೊಟ್ಟೆ ಟ್ರೇ ಥರ. ಆಲ್ಜಿನೇಟ್‌ನ ಉದ್ದನೆ ಎಳೆಗಳು ಒಂದಕ್ಕೊಂದು ಎದುರು ನಿಂತಾಗ ನಡುವೆ ಗುಳಿಗಳಾಗುತ್ತವೆ. ಧನ ವಿದ್ಯುದಂಶ ಇರುವ ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಸೀಸದ ಕಣಗಳು ಅದರೊಳಗೆ ಮೊಟ್ಟೆಯಂತೆ ಕೂರುತ್ತವೆ. ವಿಜ್ಞಾನಿಗಳು 1973ರಲ್ಲಿ ಇದಕ್ಕೆ ‘ಎಗ್ ಬಾಕ್ಸ್’ ಮಾದರಿ ಅಂತಲೇ ಹೆಸರಿಟ್ಟರು.

ನಿಜ ಇರೋದು ಎಲ್ಲಿ?

1950-60ರ ದಶಕದಲ್ಲಿ ಬಯಲಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳ ಧೂಳು ಮಳೆಯೊಂದಿಗೆ ಹುಲ್ಲಿಗೆ, ಹುಲ್ಲಿನಿಂದ ಹಸುವಿನ ಹಾಲಿಗೆ, ಹಾಲಿನಿಂದ ಮಕ್ಕಳ ಮೂಳೆಗೆ ಸೇರಿತು. ಅದರಲ್ಲಿದ್ದ ವಿಕಿರಣ ಸೂಸುವ ಸ್ಟ್ರಾನ್ಷಿಯಂ ತಡೆಯೋದು ಹೇಗೆ ಅಂತ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಡಾ. ಸ್ಟ್ಯಾನ್ಲಿ ಸ್ಕೊರೀನಾ ಮತ್ತು ತಂಡ ಹುಡುಕಿತು. ಇಲಿಗಳಿಗೆ ಸ್ಟ್ರಾನ್ಷಿಯಂ ಜೊತೆ ಸೋಡಿಯಂ ಆಲ್ಜಿನೇಟ್ ಕೊಟ್ಟಾಗ ಮೂಳೆ ಸೇರುವ ಪ್ರಮಾಣ ಅರ್ಧಕ್ಕಿಂತಲೂ ಕಡಿಮೆಯಾಯಿತು. 1964ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಗಮನಿಸಿ, ಇದೆಲ್ಲ ನಡೆದದ್ದು ಕರುಳಿನಲ್ಲಿ. ಕರುಳಲ್ಲಿ ಸಿಕ್ಕ ಲೋಹವನ್ನು ಹಿಡಿದು ಮಲದ ಜೊತೆ ಹೊರಗೆ ಹಾಕೋದಷ್ಟೇ ಅದರ ಕೆಲಸ.

ಎಲ್ಲಿ ಕೆಲಸ ಮಾಡಲ್ಲ?

* ಆಲ್ಜಿನೇಟ್ ಜೀರ್ಣವಾಗಿ ರಕ್ತಕ್ಕೆ ಸೇರಲ್ಲ. ಹಾಗಾಗಿ ಈಗಾಗಲೇ ರಕ್ತ, ಮೂಳೆಯಲ್ಲಿ ಕೂತ ಸೀಸವನ್ನು ಎಳೆದು ತರಲ್ಲ.

* ನೀರಿನಲ್ಲಿರೋ ಆರ್ಸೆನಿಕ್‌ಗೆ ಧನ ವಿದ್ಯುದಂಶ ಇರಲ್ಲ, ಆ ಟ್ರೇಯಲ್ಲಿ ಅದು ಕೂರಲ್ಲ. ಯಾದಗಿರಿ ಜಿಲ್ಲೆ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಂಥ ಕಡೆ ಬೇಕಾದದ್ದು ಶುದ್ಧ ನೀರು, ಪುಡಿ ಅಲ್ಲ.

* ಪಾಚಿ ತಾನೇ ಸಮುದ್ರದ ಲೋಹ ಹೀರುತ್ತೆ. ಜಪಾನಿನ ‘ಹಿಜಿಕಿ’ ಪಾಚಿಯಲ್ಲಿ ಆರ್ಸೆನಿಕ್ ಜಾಸ್ತಿ ಇದ್ದದ್ದಕ್ಕೆ ಬ್ರಿಟನ್ನಿನ ಆಹಾರ ಇಲಾಖೆ 2004ರಲ್ಲೇ ಅದನ್ನು ತಿನ್ನಬೇಡಿ ಅಂತ ಹೇಳಿತ್ತು. ವಿಷ ತೆಗೆಯೋಕೆ ಅಂತ ತಿಂದದ್ದೇ ವಿಷ ತರಬಹುದು. ಶೋಧಿಸಿದ ಆಲ್ಜಿನೇಟ್ ಬೇರೆ, ಒಣಗಿಸಿ ಪುಡಿ ಮಾಡಿದ ಪಾಚಿ ಬೇರೆ.

ಹಾಗಾದ್ರೆ ಏನು ಮಾಡಬೇಕು?

ಹಳೇ ಬ್ಯಾಟರಿ ಒಡೆಯೋರು, ಪೇಂಟ್ ಕೆರೆಯೋರು ಬಟ್ಟೆ ಬದಲಿಸಿ, ಕೈಕಾಲು ತೊಳೆದೇ ಮನೆಗೆ ಹೋಗಬೇಕು. ತಿಂದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ 4-5 ಪಟ್ಟು ಹೆಚ್ಚು ಹೀರುತ್ತೆ. ಅರಿಸಿನಕ್ಕೆ ಹೊಳಪು ಬರಲಿ ಅಂತ ಬೆರೆಸುವ ಲೆಡ್ ಕ್ರೋಮೇಟ್ ಕೂಡ ಸೀಸವೇ. ಬಿಡಿ ಪುಡಿ ಕೊಳ್ಳುವ ಅಂಗಡಿಯವರು ಅತಿಯಾದ ಹಳದಿಗೆ ಮರುಳಾಗಬಾರದು. ಮನೆಗೆ ಹೊಡೆಯೋ ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಡಬ್ಬಿ ಮೇಲೆ ನೋಡಿ ತಗೊಳ್ಳಿ.

ಅನುಮಾನ ಇದ್ರೆ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಿ. 100 ಮಿ.ಲೀ. ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಇದ್ರೆ ಸೀಸ ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸಬೇಕು, ಮಕ್ಕಳಲ್ಲಿ 45 ಮುಟ್ಟಿದರೆ ಸೀಸ ಹೊರಹಾಕುವ ಔಷಧಿ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಆ ಔಷಧಿ ಕೊಡೋದು ಆಸ್ಪತ್ರೆಯಲ್ಲಿ, ಡಾಕ್ಟರ ನಿಗಾದಲ್ಲಿ. ಮಕ್ಕಳಿಗೆ ಕಬ್ಬಿಣ, ಕ್ಯಾಲ್ಸಿಯಂ ಕೊರತೆ ಇದ್ರೆ ಅದನ್ನು ತುಂಬಬೇಕು ಅಂತಲೂ ಅದೇ ಮಾರ್ಗಸೂಚಿ ಹೇಳುತ್ತೆ. ರಾಗಿ, ಸೊಪ್ಪು, ಹಾಲು ನಮ್ಮ ಊರಲ್ಲೇ ಸಿಗುತ್ತೆ, ಪಾಚಿ ಪುಡಿಗಿಂತ ಅಗ್ಗವೂ ಹೌದು.