ಆಸ್ತಿಯನ್ನು ಟ್ರಸ್ಟ್‌ಗೆ ಹಾಕಿದರೆ ಮಕ್ಕಳಿಗೆ ತೆರಿಗೆ ಉಳಿಯುತ್ತದೆಯೇ?

‘ಎಲ್ಲವನ್ನೂ ಟ್ರಸ್ಟ್ ಹೆಸರಿಗೆ ಮಾಡಿಬಿಡಿ, ಮಕ್ಕಳಿಗೆ ತೆರಿಗೆಯೇ ಬೀಳುವುದಿಲ್ಲ’ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಆದರೆ ತೀರಿಕೊಂಡವರಿಂದ ಬರುವ ಆಸ್ತಿಗೆ ಭಾರತದಲ್ಲಿ ಈಗ ತೆರಿಗೆಯೇ ಇಲ್ಲ. ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ಮತ್ತೆ ಉಳಿಸುವುದು ಯಾವುದನ್ನು?

ತೆರಿಗೆ ಇರುವುದು ಆ ಆಸ್ತಿಯಿಂದ ವರ್ಷವರ್ಷ ಬರುವ ಆದಾಯಕ್ಕೆ. ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಟ್ರಸ್ಟಿಗಳ ವಿವೇಚನೆಗೆ ಬಿಟ್ಟರೆ ಅದು ಡಿಸ್ಕ್ರಿಷನರಿ ಟ್ರಸ್ಟ್. ಯಾರ ಪಾಲೆಷ್ಟು ಎಂದು ಗೊತ್ತಿಲ್ಲವಲ್ಲ, ಹಾಗಾಗಿ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ಗರಿಷ್ಠ ದರ: ಶೇ 30, ಅದರ ಮೇಲೆ ಶೇ 4 ಸೆಸ್. ಠೇವಣಿಯಿಂದ 3 ಲಕ್ಷ ಬಡ್ಡಿ ಬಂದರೆ ಕನಿಷ್ಠ 93,600 ರೂಪಾಯಿ ಹೋಯಿತು. ಅದೇ ಹಣ ಬೇರೆ ಆದಾಯವಿಲ್ಲದ ಮಗಳ ಹೆಸರಲ್ಲಿದ್ದರೆ, ಹೊಸ ತೆರಿಗೆ ಪದ್ಧತಿಯಲ್ಲಿ ಸೊನ್ನೆ!

ವಿನಾಯಿತಿಗಳೂ ಇವೆ. ಮುಖ್ಯವಾದದ್ದು, ವಿಲ್ ಮೂಲಕ ಒಂದೇ ಒಂದು ಟ್ರಸ್ಟ್ ಮಾಡಿದ್ದರೆ ಸಾಮಾನ್ಯ ಸ್ಲ್ಯಾಬ್ ದರ ಅನ್ವಯಿಸುತ್ತದೆ. (ವ್ಯಾಪಾರದ ಆದಾಯವಿದ್ದರೆ ನಿಯಮ ಇನ್ನೂ ಬಿಗಿ.)

ಹಣಕಾಸು ನಿಭಾಯಿಸಲಾಗದ ಮಗನಿಗೆ ಟ್ರಸ್ಟ್ ನಿಜಕ್ಕೂ ಆಸರೆ. ಅವನೊಬ್ಬನನ್ನೇ ಫಲಾನುಭವಿಯೆಂದು ಪತ್ರದಲ್ಲಿ ಬರೆಸಿದರೆ ಅದು ಡಿಸ್ಕ್ರಿಷನರಿ ಆಗುವುದಿಲ್ಲ. ಬಡ್ಡಿ, ಬಾಡಿಗೆಯಂಥ ಆದಾಯಕ್ಕೆ ಅವನಿಗೆ ಬೀಳುವಷ್ಟೇ ತೆರಿಗೆ.