ಸ್ಕ್ಯಾನ್ ವರದಿ ಬಂದ ಮೇಲೆ: ಕ್ಯಾನ್ಸರ್ ಪತ್ತೆ ಮತ್ತು ಚಿಕಿತ್ಸೆಯಲ್ಲಿ ಚಿತ್ರಣ ಪರೀಕ್ಷೆಗಳ ಪಾತ್ರ

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ,

30 ವರ್ಷ ಮೇಲ್ಪಟ್ಟವರಿಗೆ ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯು ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟದಲ್ಲಿ ನಡೆಯುತ್ತಿರುವುದು ತಮಗೆ ತಿಳಿದ ವಿಷಯವಾಗಿದೆ. ಈ ಹಂತದಲ್ಲಿ ಯಂತ್ರಕ್ಕಿಂತ ಕಣ್ಣು ಮತ್ತು ಕೈಗಳ ಕೆಲಸವೇ ಹೆಚ್ಚು. ಬಾಯೊಳಗಿನ ಬಿಳಿ ಅಥವಾ ಕೆಂಪು ಮಚ್ಚೆಯನ್ನು ಬೆಳಕು ಹಿಡಿದು ನೋಡಲಾಗುತ್ತದೆ. ಸ್ತನದ ಗಂಟನ್ನು ಕೈಯಿಂದ ಮುಟ್ಟಿ ಪರೀಕ್ಷಿಸಲಾಗುತ್ತದೆ. ಸಂಶಯ ಬಂದವರನ್ನು ಮೇಲಿನ ಆಸ್ಪತ್ರೆಗೆ ಕಳುಹಿಸುತ್ತಾರೆ. ಸ್ಕ್ಯಾನಿಂಗ್ ಆರಂಭವಾಗುವುದು ಅಲ್ಲಿಂದ. ಹಳ್ಳಿಯ ರೋಗಿಗಳು ಚಿಕಿತ್ಸೆಯ ದಾರಿಯಿಂದ ತಪ್ಪಿಹೋಗುವುದೂ ಬಹುಪಾಲು ಅಲ್ಲಿಯೇ. "ಸ್ಕ್ಯಾನ್ ಆಯಿತು, ಮುಗಿಯಿತು" ಎಂದು ವರದಿಯನ್ನು ಬೀರುವಿನಲ್ಲಿಟ್ಟು ಕೂಲಿಗೆ ಹೊರಡುವವರು ಪ್ರತಿ ಊರಿನಲ್ಲಿಯೂ ಇದ್ದಾರೆ.

1895ರಲ್ಲಿ ಜರ್ಮನಿಯ ರಾಂಟ್‌ಜೆನ್ ಎಕ್ಸ್-ರೇ ಕಿರಣಗಳನ್ನು ಕಂಡುಹಿಡಿದರು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ನಡೆಯಿತು. ಇದನ್ನು ರೂಪಿಸಿದ ಹೌನ್ಸ್‌ಫೀಲ್ಡ್ ವೈದ್ಯರಲ್ಲ, ಎಂಜಿನಿಯರ್. ನಾನೂ ಅದೇ ವಿದ್ಯೆಯವನಾದ್ದರಿಂದ ಇದನ್ನು ಹೇಳದೆ ಬಿಡಲಾರೆ. ಎಂ.ಆರ್.ಐ.ನಲ್ಲಿ ಕಾಂತ ಮತ್ತು ರೇಡಿಯೊ ತರಂಗಗಳು, ಅಲ್ಟ್ರಾಸೌಂಡಿನಲ್ಲಿ ಶಬ್ದತರಂಗಗಳು ಕೆಲಸ ಮಾಡುತ್ತವೆ. ಇವೆರಡರಲ್ಲಿಯೂ ಎಕ್ಸ್-ರೇ ವಿಕಿರಣವಿಲ್ಲ.

ಸ್ತನದ ಗಂಟಿನ ವಿಷಯವನ್ನೇ ತೆಗೆದುಕೊಳ್ಳೋಣ. ಮ್ಯಾಮೊಗ್ರಾಂ ಎಂಬುದು ಸ್ತನಕ್ಕಾಗಿಯೇ ಇರುವ, ಕಡಿಮೆ ಪ್ರಮಾಣದ ಎಕ್ಸ್-ರೇ. ಕೈಗೆ ಸಿಗದಷ್ಟು ಚಿಕ್ಕ ಗಂಟು, ಸುಣ್ಣದ ಕಣಗಳಂತಹ ಚುಕ್ಕೆಗಳು ಇದರಲ್ಲಿ ಕಾಣುತ್ತವೆ. ಚಿಕ್ಕ ವಯಸ್ಸಿನ ಸ್ತ್ರೀಯರಲ್ಲಿ ಅಂಗಾಂಶ ದಟ್ಟವಾಗಿರುವುದರಿಂದ ಗಂಟು ಮರೆಯಾಗುವುದುಂಟು; ಅವರಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್ ಮಾಡುತ್ತಾರೆ. ವರದಿಯ ಕೊನೆಯಲ್ಲಿ 'ಬೈ-ರಾಡ್ಸ್' ಎಂಬ ಪದದ ಮುಂದೆ 0ಯಿಂದ 6ರವರೆಗಿನ ಒಂದು ಅಂಕಿ ಇರುತ್ತದೆ. 1 ಮತ್ತು 2 ಎಂದರೆ ಕ್ಯಾನ್ಸರಿನ ಲಕ್ಷಣವಿಲ್ಲ. 3 ಎಂದರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ಮತ್ತೆ ನೋಡಬೇಕು. 4 ಮತ್ತು 5 ಎಂದರೆ ಬಯಾಪ್ಸಿ ಆಗಬೇಕು. 6 ಈಗಾಗಲೇ ಕ್ಯಾನ್ಸರ್ ದೃಢಪಟ್ಟವರಿಗೆ. ಹೆಚ್ಚು ಎಚ್ಚರ ಬೇಕಾದದ್ದು ಸೊನ್ನೆಯ ಬಗ್ಗೆ. ಸೊನ್ನೆ ಎಂದರೆ ಏನೂ ಇಲ್ಲವೆಂದು ಓದುವುದು ಸಹಜ. ಆದರೆ ಇಲ್ಲಿ ಸೊನ್ನೆ ಎಂದರೆ ಪರೀಕ್ಷೆ ಅಪೂರ್ಣ, ಇನ್ನೂ ಚಿತ್ರಗಳು ಬೇಕು ಅಥವಾ ಹಳೆಯ ಚಿತ್ರಗಳೊಡನೆ ಹೋಲಿಸಬೇಕು ಎಂದರ್ಥ. ಅದನ್ನು ಓದಿ ನಿಶ್ಚಿಂತರಾಗಿ ಮನೆಗೆ ಮರಳಿದವರಿಗೆ ತಿಂಗಳುಗಳೇ ನಷ್ಟವಾಗಬಹುದು.

ಬಯಾಪ್ಸಿ ಏಕೆ ಎಂಬುದನ್ನು ನಮ್ಮ ಕೊಳವೆಬಾವಿಯ ಅನುಭವದಿಂದ ತಿಳಿಯಬಹುದು. ಭೂವಿಜ್ಞಾನಿಯು ಉಪಕರಣವಿಟ್ಟು ಪಾಯಿಂಟ್ ಗುರುತಿಸುತ್ತಾರೆ. ನೀರಿದೆಯೇ ಎಂಬುದು ಕೊರೆದ ಮೇಲೆಯೇ ಖಚಿತ. ಹಾಗೆಯೇ ಚಿತ್ರವು ಜಾಗ ತೋರಿಸುತ್ತದೆ, ಸೂಜಿಗೆ ದಾರಿ ತೋರಿಸುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಸೂಜಿಯಿಂದ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನಿರ್ಧರಿಸಲಾಗುತ್ತದೆ. ಸೂಜಿ ಚುಚ್ಚಿದರೆ ಗಂಟು ಮೈತುಂಬ ಹರಡುತ್ತದೆ ಎಂಬ ಮಾತಿನಿಂದ ಹಿಂಜರಿಯುವವರು ಅನೇಕರು. ಸ್ತನದ ಗಂಟಿನ ವಿಷಯದಲ್ಲಿ ಈ ಭಯ ಬೇಕಿಲ್ಲ, ಭಯಪಡಬೇಕಾದದ್ದು ವಿಳಂಬಕ್ಕೆ.

ಕ್ಯಾನ್ಸರ್ ಖಚಿತವಾದ ಮೇಲೆ ಅದು ಎಷ್ಟು ಹರಡಿದೆ ಎಂದು ತಿಳಿಯಲು ಅಗತ್ಯಕ್ಕೆ ತಕ್ಕಂತೆ ಸಿ.ಟಿ., ಎಂ.ಆರ್.ಐ. ಅಥವಾ ಪೆಟ್ ಸ್ಕ್ಯಾನ್ ಮಾಡಿಸುತ್ತಾರೆ. ಪೆಟ್ ಸ್ಕ್ಯಾನಿನಲ್ಲಿ ವಿಕಿರಣ ಸೂಸುವ ಸಕ್ಕರೆಯಂತಹ ದ್ರಾವಣವನ್ನು ನರಕ್ಕೆ ಕೊಡುತ್ತಾರೆ. ಸಕ್ಕರೆಯನ್ನು ಹೆಚ್ಚು ಹೀರುವ ಕ್ಯಾನ್ಸರ್ ಕೋಶಗಳು ಚಿತ್ರದಲ್ಲಿ ಹೊಳೆಯುತ್ತವೆ. ಮಧುಮೇಹಿಗಳು ಇದನ್ನು ಮುಂಚಿತವಾಗಿ ತಿಳಿಸತಕ್ಕದ್ದು.

ವಿಕಿರಣ ಚಿಕಿತ್ಸೆಗೂ ಚಿತ್ರವೇ ಆಧಾರ. ರೋಗಿಯನ್ನು ಚಿಕಿತ್ಸೆಯ ಭಂಗಿಯಲ್ಲಿಯೇ ಮಲಗಿಸಿ ಸಿ.ಟಿ. ತೆಗೆದು, ಕಿರಣ ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂದು ಲೆಕ್ಕ ಹಾಕುತ್ತಾರೆ. ಮೈಮೇಲೆ ಹಾಕಿದ ಗುರುತುಗಳನ್ನು ಉಜ್ಜಿ ತೊಳೆಯಬಾರದು. ಬಾಯಿ, ಗಂಟಲಿನ ಕ್ಯಾನ್ಸರಿಗೆ ವಾರಕ್ಕೆ ಐದು ದಿನದಂತೆ ಆರೇಳು ವಾರ ಚಿಕಿತ್ಸೆ ನಡೆಯುವುದು ಸಾಮಾನ್ಯ. ಯಂತ್ರದಿಂದ ಹೊರಗಿನಿಂದ ಕೊಡುವ ಈ ಚಿಕಿತ್ಸೆ ಪಡೆದವರ ಮೈಯಿಂದ ವಿಕಿರಣ ಹೊರಸೂಸುವುದಿಲ್ಲ; ಅವರ ತಟ್ಟೆ ಲೋಟ ಬೇರೆ ಇಡುವುದು, ಮಕ್ಕಳನ್ನು ದೂರವಿಡುವುದು ಅನ್ಯಾಯ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಹಾಗೂ ಕಲಬುರಗಿಯಲ್ಲಿರುವ ಅದರ ಕೇಂದ್ರಕ್ಕೆ ಹೋಗುವವರು ಆಧಾರ್, ಪಡಿತರ ಚೀಟಿ ಮತ್ತು ಶಿಫಾರಸು ಪತ್ರ ಒಯ್ಯಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಯಾವ ಸ್ಕ್ಯಾನ್ ಅದರೊಳಗೆ ಬರುತ್ತದೆ ಎಂಬುದನ್ನು ಹಣ ಕಟ್ಟುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸುವುದು. ಹಳೆಯ ಫಿಲಂ, ಸಿ.ಡಿ.ಗಳನ್ನು ಬಿಸಾಡದೆ ಪ್ರತಿ ಭೇಟಿಗೂ ಒಯ್ಯಬೇಕು.

ಸದಸ್ಯರು ತಮ್ಮ ವಾರ್ಡಿನಲ್ಲಿ ಮೇಲಿನ ಆಸ್ಪತ್ರೆಗೆ ಕಳುಹಿಸಲ್ಪಟ್ಟವರು ಹೋಗಿಬಂದರೇ, ಮುಂದಿನ ದಿನಾಂಕ ಯಾವುದು ಎಂಬುದನ್ನು ಆಶಾ ಕಾರ್ಯಕರ್ತೆಯ ಮೂಲಕ ತಿಂಗಳಿಗೊಮ್ಮೆ ವಿಚಾರಿಸಲು ಕೋರಿದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಸಂಖ್ಯೆಯನ್ನು ಮಾತ್ರ ಚರ್ಚಿಸುವುದು. ರೋಗಿಯ ಹೆಸರನ್ನು ನಡಾವಳಿಯಲ್ಲಿ ಬರೆಯುವುದಾಗಲಿ, ಗ್ರಾಮಸಭೆಯಲ್ಲಿ ಓದುವುದಾಗಲಿ ಮಾಡತಕ್ಕದ್ದಲ್ಲ.